ಅಜ್ಜ ಗೋವಾದಲ್ಲಿ ಹುಟ್ಟಿದ್ದರೆ ನೀವು ಯಾವ ದೇಶದವರು?

1961ರ ಡಿಸೆಂಬರ್ 19ರಂದು ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾಯಿತು. ಅಲ್ಲಿಯ ಜನ ಭಾರತೀಯರಾದದ್ದು ಮಾತ್ರ ಮೂರು ತಿಂಗಳ ನಂತರ ಬಂದ ಒಂದು ಆದೇಶದಿಂದ. ಹೊಸ ಪ್ರದೇಶವೊಂದು ದೇಶಕ್ಕೆ ಸೇರಿದಾಗ ಅಲ್ಲಿಯ ಯಾರ್ಯಾರು ಪೌರರಾಗುತ್ತಾರೆ ಎಂದು ನಿರ್ಧರಿಸುವ ಅಧಿಕಾರವನ್ನು 1955ರ ಪೌರತ್ವ ಕಾಯ್ದೆಯ 7ನೇ ಕಲಂ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದರಡಿ 1962ರ ಮಾರ್ಚ್ 28ರಂದು ಗೋವಾ, ದಮನ್ ಮತ್ತು ದಿಯು ಪೌರತ್ವ ಆದೇಶ ಹೊರಬಿತ್ತು. 1961ರ ಡಿಸೆಂಬರ್ 20ಕ್ಕೆ ಮೊದಲು ತಾನಾಗಲಿ, ತಂದೆತಾಯಿಯಲ್ಲಿ ಒಬ್ಬರಾಗಲಿ, ಅಜ್ಜ ಅಜ್ಜಿಯರಲ್ಲಿ ಒಬ್ಬರಾಗಲಿ ಅಲ್ಲಿ ಹುಟ್ಟಿದ್ದರೆ ಆತ ಆ ದಿನದಿಂದಲೇ ಭಾರತೀಯ. ಅರ್ಜಿ ಹಾಕಬೇಕಿರಲಿಲ್ಲ.

ಹಳೆಯ ರಾಷ್ಟ್ರೀಯತೆಯನ್ನೇ ಉಳಿಸಿಕೊಳ್ಳುವವರು ಒಂದು ತಿಂಗಳೊಳಗೆ ಲಿಖಿತವಾಗಿ ಘೋಷಿಸಬೇಕಿತ್ತು. ಪುದುಚೇರಿಯಲ್ಲಿ ಫ್ರಾನ್ಸ್ ಜೊತೆಗಿನ ಒಪ್ಪಂದದಂತೆ ಇಂಥದೇ ಆಯ್ಕೆಗೆ ಆರು ತಿಂಗಳು ಸಿಕ್ಕಿತ್ತು. ಆಫ್ರಿಕಾದಲ್ಲೋ ಹಡಗಿನಲ್ಲೋ ದುಡಿಯುತ್ತಿದ್ದ ಗೋವಾದವನಿಗೆ ಸುದ್ದಿ ಮುಟ್ಟುವ ಹೊತ್ತಿಗೇ ತಿಂಗಳು ಮುಗಿದಿರುತ್ತಿತ್ತು. ಬದುಕಿನ ಇಷ್ಟು ದೊಡ್ಡ ತೀರ್ಮಾನಕ್ಕೆ ಅಷ್ಟು ಕಡಿಮೆ ಅವಧಿ ಕೊಟ್ಟದ್ದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಘೋಷಣೆ ಮಾಡಿದವರ ಪಾಡೇನಾಯಿತು? ಗೋವಾದ ಪಾದ್ರಿ ಮೊಂತೇರೊ ಅವರ ಪ್ರಕರಣ ಇದಕ್ಕೆ ಉತ್ತರ. ಪೋರ್ಚುಗೀಸ್ ರಾಷ್ಟ್ರೀಯತೆ ಉಳಿಸಿಕೊಂಡ ಅವರಿಗೆ ತಾತ್ಕಾಲಿಕ ವಾಸದ ಪರವಾನಗಿ ಸಿಕ್ಕಿತು. ಅವಧಿ ಮುಗಿದ ಮೇಲೂ ಅವರು ನವೀಕರಣ ಕೇಳಲಿಲ್ಲ, ಊರನ್ನೂ ಬಿಡಲಿಲ್ಲ. ವಿದೇಶಿಯರ ಕಾಯ್ದೆಯಡಿ ಶಿಕ್ಷೆಯಾಯಿತು. ಗೋವಾ ಯುದ್ಧದಲ್ಲಿ ವಶವಾದ ನೆಲ, ಜಿನೀವಾ ಒಪ್ಪಂದದ ರಕ್ಷಣೆ ತನಗಿದೆ ಎಂದು ಅವರು ವಾದಿಸಿದರು. 1969ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ: ಪ್ರದೇಶ ಭಾರತದಲ್ಲಿ ವಿಲೀನವಾದ ಮೇಲೆ ಆ ರಕ್ಷಣೆ ಉಳಿಯುವುದಿಲ್ಲ. ಹುಟ್ಟಿದ ಊರಿನಲ್ಲೇ ವಿದೇಶಿಯಾಗುವುದು ಕಾನೂನಿನ ದೃಷ್ಟಿಯಲ್ಲಿ ಸಾಧ್ಯ, ವಾಸದ ಹಕ್ಕು ಪೌರತ್ವದ ಹಿಂದೆಯೇ ಹೋಗುತ್ತದೆ.

ಇತ್ತ ಪೋರ್ಚುಗಲ್ ಬಾಗಿಲು ಹಾಕಲೇ ಇಲ್ಲ. ವಿಮೋಚನೆಗೆ ಮೊದಲು ಗೋವಾದಲ್ಲಿ ಹುಟ್ಟಿದವರು ತಮ್ಮ ಜನನವನ್ನು ಲಿಸ್ಬನ್‌ನ ಕೇಂದ್ರ ನೋಂದಣಿ ಕಚೇರಿಯಲ್ಲಿ ದಾಖಲಿಸಿ ಅಲ್ಲಿಯ ರಾಷ್ಟ್ರೀಯತೆ ಪಡೆಯಬಹುದು. ಅವರ ನಂತರ ಮಕ್ಕಳೂ ಪಡೆಯಬಹುದು. ಕಾರವಾರ, ಬೆಳಗಾವಿ, ಖಾನಾಪುರದ ಎಷ್ಟೋ ಕುಟುಂಬಗಳಿಗೆ ಗೋವಾದ ಬೇರು ಇರುವುದರಿಂದ ಈ ಮಾತು ನಮಗೂ ಬೇಕಾದದ್ದು. ತಾಲ್ಲೂಕು ನೋಂದಣಿ ಕಚೇರಿಯಿಂದ ಅಜ್ಜನ ಜನನ ದಾಖಲೆಯ ನಕಲು ತೆಗೆಸಿದಾಗ ಹೆಸರಿನ ಒಂದು ಅಕ್ಷರ, ತಂದೆಯ ಅಡ್ಡಹೆಸರು ಇಂದಿನ ಆಧಾರ್‌ಗೆ ಹೊಂದದೆ ಅರ್ಜಿ ನಿಂತುಹೋಗುವುದುಂಟು. ಸರಿಪಡಿಸಿಕೊಡುತ್ತೇನೆ ಎಂದು ಏಜೆಂಟ್ ಮುಂದೆ ಬಂದರೆ ತಿದ್ದಿದ ಕಾಗದಕ್ಕೆ ಸಹಿ ಹಾಕಬೇಡಿ. ತಿದ್ದಿದ ದಾಖಲೆ ಎರಡೂ ದೇಶಗಳಲ್ಲಿ ಕ್ರಿಮಿನಲ್ ಮೊಕದ್ದಮೆಗೆ ದಾರಿ.

ಇಲ್ಲಿ ಅತಿ ಮುಖ್ಯವಾದದ್ದು ಪೌರತ್ವ ಕಾಯ್ದೆಯ 9ನೇ ಕಲಂ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತೀಯ ಪೌರತ್ವ ಹೋಗುತ್ತದೆ. ಆ ದೇಶದ ಪಾಸ್‌ಪೋರ್ಟ್ ಪಡೆದರೆ ಅದೇ ನಿರ್ಣಾಯಕ ಪುರಾವೆ. ಬರೀ ಲಿಸ್ಬನ್ ನೋಂದಣಿಯಿಂದಲೂ ಹೋಗುತ್ತದೆಯೇ ಎಂಬ ವಿವಾದವಿದೆ, ಅದನ್ನು ತೀರ್ಮಾನಿಸುವುದು ಕೇಂದ್ರ ಸರ್ಕಾರ. ಪೌರತ್ವ ಹೋದ ಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಬ್ರಿಟನ್ನಿಗೆ ಹೋಗುವ ಆಸೆಯಿಂದ ಪೋರ್ಚುಗೀಸ್ ಪೌರತ್ವಕ್ಕೆ ಕೈಹಾಕುವವರಿಗೆ ಇನ್ನೊಂದು ಮಾತು: 2021ರಿಂದ ಹೊಸದಾಗಿ ಅಲ್ಲಿಗೆ ಹೋಗಿ ಕೆಲಸ ಮಾಡಲು ಪೋರ್ಚುಗೀಸ್ ಪಾಸ್‌ಪೋರ್ಟ್ ಇದ್ದವರಿಗೂ ವೀಸಾ ಬೇಕು.

ಊರಿನ ನಂಟು ಉಳಿಸಿಕೊಳ್ಳಲು ಸಾಗರೋತ್ತರ ಭಾರತೀಯ ಪೌರ (ಒಸಿಐ) ಕಾರ್ಡ್ ಇದೆ. 1947ರ ಆಗಸ್ಟ್ 15ರ ನಂತರ ಭಾರತಕ್ಕೆ ಸೇರಿದ ಪ್ರದೇಶದವರಿಗೂ ಅದನ್ನು ಕೊಡಬಹುದೆಂದು 7ಎ ಕಲಂ ಹೇಳುತ್ತದೆ. ಜೀವಮಾನ ವೀಸಾ ಸಿಗುತ್ತದೆ, ಹೊಲ ತೋಟ ಕೊಳ್ಳುವಂತಿಲ್ಲ, ವಂಶಪಾರಂಪರ್ಯವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಪಾಸ್‌ಪೋರ್ಟ್ ತಡವಾಗಿ ಒಪ್ಪಿಸಿದವರ ಪಾಸ್‌ಪೋರ್ಟ್ ರದ್ದಾಗಿ, ಒಪ್ಪಿಸಿದ್ದಕ್ಕೆ ಕೊಡುವ ಪ್ರಮಾಣಪತ್ರ ಸಿಗದೆ ಗೋವಾದ ಅನೇಕರಿಗೆ ಈ ಕಾರ್ಡ್ ನಿಂತುಹೋಗಿತ್ತು. 2024ರಲ್ಲಿ ಹಿಂದಿನ ಪೋರ್ಚುಗೀಸ್ ಪ್ರದೇಶಗಳವರಿಗೆ ರದ್ದತಿ ಪ್ರಮಾಣಪತ್ರವೇ ಸಾಕೆಂದಾಯಿತು. ಅದನ್ನು ಜೋಪಾನವಾಗಿಡಿ.

ಮತ್ತೆ ಭಾರತೀಯರಾಗಬೇಕೆನಿಸಿದರೆ ಒಸಿಐ ಆಗಿ ಐದು ವರ್ಷ ತುಂಬಿರಬೇಕು, ಅರ್ಜಿಗೆ ಮೊದಲಿನ ಹನ್ನೆರಡು ತಿಂಗಳು ಇಲ್ಲಿಯೇ ವಾಸವಿರಬೇಕು. ಆಗ 5ನೇ ಕಲಂ ಪ್ರಕಾರ ನೋಂದಣಿಗೆ ಅರ್ಜಿ ಹಾಕಬಹುದು.