ಕಡಲೆ ಸಸಿಗೆ ಬಲ, ಎರಿ ಮಣ್ಣಿಗೆ ಕಾವಲು

ನಮ್ಮ ಊರು ಅಣ್ಣಿಗೇರಿ. ನಮ್ಮದು ಎರಿ ಹೊಲ. ಮಳೆಗಾಲ ಮುಗಿಯುವ ಹೊತ್ತಿಗೆ ಹಿಂಗಾರಿ ಕಡಲೆ ಬಿತ್ತುತ್ತೇವೆ. 1978ರಲ್ಲಿ ಬಿಡುಗಡೆಯಾದ ‘ಅಣ್ಣಿಗೇರಿ–1’ ಕಡಲೆ ನಮ್ಮ ಊರಿನ ಹೆಸರನ್ನೇ ಹೊತ್ತಿದೆ. ಕಡಲೆ ನಮ್ಮ ಹೊಟ್ಟೆಪಾಡು. ಅದರ ಸಸಿಗೆ ಬಂದ ಕಷ್ಟ ನಮ್ಮ ಕಷ್ಟ.

ಮಳೆ ಹೋದರೆ ಕಾಣುತ್ತದೆ. ಹುಳ ಬಿದ್ದರೂ ಕಾಣುತ್ತದೆ. ಕಣ್ಣಿಗೆ ಕಾಣದ ಕಷ್ಟವೂ ಒಂದಿದೆ. ಅದು ಮಣ್ಣು ಸೇರಿದ ಭಾರಲೋಹ.

ಭಾರಲೋಹ ಎಂದರೇನು?

ಸೀಸ, ಕ್ಯಾಡ್ಮಿಯಂ, ಪಾದರಸ ಇವು ಭಾರಲೋಹಗಳು. ವಾಹನದ ಬ್ಯಾಟರಿಯಲ್ಲಿ ಸೀಸ ಇರುತ್ತದೆ. ಕೆಲವು ಸೆಲ್ಲುಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ಕಾರ್ಖಾನೆ ನೀರು ಕೂಡಿದ ಚರಂಡಿಯಲ್ಲೂ ಇವು ಇರಬಹುದು. ಸಗಣಿ ಕೊಳೆತು ಗೊಬ್ಬರ ಆಗುತ್ತದೆ. ಲೋಹ ಕೊಳೆಯುವುದಿಲ್ಲ. ತಿಪ್ಪೆಗೆ ಬಿದ್ದರೆ ಗೊಬ್ಬರದ ಸಂಗಡ ಹೊಲಕ್ಕೆ ಹೋಗುತ್ತದೆ. ಅಲ್ಲೇ ಉಳಿಯುತ್ತದೆ.

ಗಿಡಕ್ಕೆ ಸ್ವಲ್ಪ ಕಬ್ಬಿಣ, ಸ್ವಲ್ಪ ಸತುವು ಬೇಕು. ಅವು ಬರಲೆಂದು ಬೇರು ಬಾಗಿಲು ತೆರೆದಿಡುತ್ತದೆ. ಅದೇ ಬಾಗಿಲಿನಿಂದ ಕ್ಯಾಡ್ಮಿಯಂ ಕಳ್ಳನ ಹಾಗೆ ಒಳಗೆ ನುಗ್ಗುತ್ತದೆ. ಆಗ ಬೇರು ಗಿಡ್ಡಾಗುತ್ತದೆ. ಎಲೆ ಹಳದಿಯಾಗುತ್ತದೆ. ಕಡಲೆಯ ಬೇರಿನ ಗಂಟುಗಳು ಕಡಿಮೆಯಾಗುತ್ತವೆ. ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಒದಗಿಸುವುದು ಈ ಗಂಟುಗಳೇ.

ಹಾರ್ಮೋನು ಏನು ಮಾಡುತ್ತದೆ?

ನಮ್ಮ ಮೈಯಲ್ಲಿ ಇರುವಂತೆ ಗಿಡದಲ್ಲೂ ಹಾರ್ಮೋನುಗಳಿವೆ. ‘ಬೇರು ಬಿಡು’, ‘ಹೂ ಹಿಡಿ’ ಎಂದು ಗಿಡಕ್ಕೆ ಹೇಳುವುದು ಅವೇ. ಹತ್ತಿ, ಮೆಣಸಿನಗಿಡದ ಹೂ ಉದುರಬಾರದೆಂದು ಪ್ಲಾನೋಫಿಕ್ಸ್ ಹೊಡೆಯುತ್ತೇವಲ್ಲ, ಅದೂ ಹಾರ್ಮೋನಿನ ಕೆಲಸ ಮಾಡುವ ವಸ್ತುವೇ.

ಬ್ರಾಸಿನೋಲೈಡ್ ಇನ್ನೊಂದು ಹಾರ್ಮೋನು. ಅಮೆರಿಕದ ವಿಜ್ಞಾನಿಗಳು ಸಾಸಿವೆ ಜಾತಿಯ ಗಿಡದ ಪರಾಗದಿಂದ ಅದನ್ನು ತೆಗೆದು 1979ರಲ್ಲಿ ಜಗತ್ತಿಗೆ ತಿಳಿಸಿದರು. 227 ಕಿಲೋ ಪರಾಗದಿಂದ ಸಿಕ್ಕಿದ್ದು ಬರೇ 4 ಮಿಲಿಗ್ರಾಂ! ಗಿಡಕ್ಕೆ ಹಾರ್ಮೋನು ಅಷ್ಟು ಕಡಿಮೆ ಸಾಕು.

ಇದೇ ಬಳಗದ ಒಂದು ಹಾರ್ಮೋನನ್ನು ಉತ್ತರ ಪ್ರದೇಶದ ಅಲಿಗಢದ ವಿಜ್ಞಾನಿಗಳು ಕಡಲೆಯ ಮೇಲೆ ಪರೀಕ್ಷೆ ಮಾಡಿದರು. 15 ದಿನದ ಸಸಿಗಳಿಗೆ ಕ್ಯಾಡ್ಮಿಯಂ ಕೊಟ್ಟರು. ಸಸಿ ಸೊರಗಿದವು. ಗಂಟು ಕಡಿಮೆಯಾದವು. 30ನೇ ದಿನ ಹಾರ್ಮೋನು ಸಿಂಪಡಿಸಿದ ಗಿಡಗಳು ಮಾತ್ರ ಚೇತರಿಸಿಕೊಂಡವು. ವಿಷದ ಹಾನಿ ತಡೆಯುವ ಶಕ್ತಿ ಗಿಡದೊಳಗೇ ಇದೆ. ಹಾರ್ಮೋನು ಅದನ್ನು ಎಬ್ಬಿಸುತ್ತದೆ. ಈ ಸಂಗತಿ 2008ರಲ್ಲಿ ಪ್ರಕಟವಾಯಿತು.

ಅಷ್ಟಕ್ಕೇ ಮುಗಿಯಿತೇ?

ಒಬ್ಬ ಅಕ್ಕ ಕೇಳಿದಳು: “ಹಂಗಾದ್ರ ಔಷಧ ಹೊಡದ್ರ ಆತಲ್ರಿ? ಇನ್ನ್ಯಾಕ ಚಿಂತಿ?”

ನಾವು ಹೇಳಿದೆವು: “ಇಲ್ಲವಾ, ಗಿಡ ಹಸಿರಾತು ಖರೆ. ಆದ್ರ ಲೋಹ ಎಲ್ಲಿ ಹೋತು? ಅದು ಮಣ್ಣಾಗ ಐತಿ. ಕಾಳಿನಾಗೂ ಬರಬಹುದು. ಆ ಕಾಳು ತಿನ್ನೋರು ನಮ್ಮ ಮಕ್ಕಳ ಅಲ್ಲೇನು?”

ಹೌದು. ಹಸಿರು ಗಿಡ ಎಂದ ಮಾತ್ರಕ್ಕೆ ಶುದ್ಧ ಗಿಡ ಅಲ್ಲ. ಸೀಸ ಮಕ್ಕಳ ಬುದ್ಧಿಯ ಬೆಳವಣಿಗೆಗೆ ಅಡ್ಡಿ. ಕ್ಯಾಡ್ಮಿಯಂ ಮೂತ್ರಪಿಂಡವನ್ನು ಕೆಡಿಸುತ್ತದೆ. ಹಾರ್ಮೋನು ಸಸಿಗೆ ಊರುಗೋಲು. ಮಣ್ಣು ತೊಳೆಯುವ ಕೆಲಸ ಅದರದಲ್ಲ.

ನಾವು ಮಾಡಬೇಕಾದ್ದು

ಹಳೇ ಬ್ಯಾಟರಿ, ಸೆಲ್ಲು, ಬಣ್ಣದ ಡಬ್ಬಿ ತಿಪ್ಪೆಗೆ ಎಸೆಯಬಾರದು. ಬ್ಯಾಟರಿಯನ್ನು ಅಂಗಡಿಗೇ ವಾಪಸ್ ಕೊಡಬೇಕು. ಮನೆಯಲ್ಲಿ ಒಡೆಯಬಾರದು, ಸುಡಬಾರದು. ಕಾರ್ಖಾನೆ ನೀರು ಕೂಡಿದ ಚರಂಡಿ ನೀರನ್ನು ಹೊಲಕ್ಕೆ ಹಾಯಿಸಬಾರದು. ಅನುಮಾನ ಬಂದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸೀಸ, ಕ್ಯಾಡ್ಮಿಯಂ ನೋಡುವುದಿಲ್ಲ. ‘ಭಾರಲೋಹದ ಪರೀಕ್ಷೆ ಎಲ್ಲಿ ಮಾಡ್ತಾರ್ರಿ?’ ಎಂದು ಬಾಯಿಬಿಟ್ಟು ಕೇಳಬೇಕು. ಯಾವ ಹಾರ್ಮೋನನ್ನೂ ಕೇಳದೆ, ಅಳತೆ ತಪ್ಪಿ ಹೊಡೆಯಬಾರದು. ಹೆಚ್ಚಾದರೆ ಗಿಡಕ್ಕೇ ಕೇಡು.

ಹೇಳಿ ನೋಡೋಣ

1. ಸಗಣಿಗೂ ಲೋಹಕ್ಕೂ ಏನು ವ್ಯತ್ಯಾಸ?
2. ಕ್ಯಾಡ್ಮಿಯಂ ಬೇರಿನೊಳಗೆ ಹೇಗೆ ನುಗ್ಗುತ್ತದೆ?
3. ನಿಮ್ಮ ತಿಪ್ಪೆಯಲ್ಲಿ ಏನೇನು ಬಿದ್ದಿದೆ? ಇವತ್ತೇ ಹೋಗಿ ನೋಡಿ, ಪಟ್ಟಿ ಬರೆಯಿರಿ.