ಕಾವಲು, ಕೆರೆ, ಕೊಳವೆಬಾವಿ: ಭೀಮಸಮುದ್ರ ಸೀಮೆಯ ಜಲಮೂಲಗಳು

ಭೀಮಸಮುದ್ರವೆಂದೊಡನೆ ವರ್ತಕರಿಗೆ ನೆನಪಾಗುವುದು ಅಡಿಕೆ. ರಾಶಿ, ಬೆಟ್ಟೆಗಳ ಧಾರಣೆಯನ್ನು ನಿತ್ಯ ವಿಚಾರಿಸುವವರು, ಆ ಅಡಿಕೆಗೆ ನೀರು ಎಲ್ಲಿಂದ ಒದಗುತ್ತದೆ ಎಂಬುದನ್ನೂ ಅರಿತಿರುವುದು ಉಚಿತ.

ಭೂರಚನೆ ಮತ್ತು ಮಳೆ

ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಈ ಪ್ರಸ್ಥಭೂಮಿಯ ನಡುವೆ ಚಿತ್ರದುರ್ಗದ ಬೆಟ್ಟಸಾಲು ಉತ್ತರ-ದಕ್ಷಿಣವಾಗಿ ಹಾದುಹೋಗಿದೆ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿ.ಮೀ. ಆಸುಪಾಸು, ಪಶ್ಚಿಮದ ಹೊಳಲ್ಕೆರೆಯಿಂದ ಪೂರ್ವದ ಚಳ್ಳಕೆರೆಯತ್ತ ಸಾಗಿದಂತೆ ಅದು ಕ್ಷೀಣಿಸುತ್ತದೆ. ಮಳೆಯನ್ನು ಎಷ್ಟು ನೆಚ್ಚಬಹುದೆಂಬುದಕ್ಕೆ ಹಿರಿಯೂರಿನ ವಾಣಿವಿಲಾಸ ಸಾಗರವೇ ಸಾಕ್ಷಿ: 1907ರಲ್ಲಿ ಪೂರ್ಣಗೊಂಡ ಈ ಜಲಾಶಯವು 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ.

ಕಾವಲುಗಳ ಪಾಠ

ಅಡಿಕೆಗೆ ಮುಂಚೆ ಈ ಸೀಮೆಯ ಸಂಪತ್ತು ದನಕುರಿ. ಚಿಕ್ಕದೇವರಾಜ ಒಡೆಯರ (1673–1704) ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎನಿಸಿತು. ಅದರ ಹುಲ್ಲುಗಾವಲುಗಳನ್ನು ಮಳೆಗಾಲದ, ಚಳಿಗಾಲದ, ಬೇಸಿಗೆಯ ಕಾವಲುಗಳೆಂದು ವಿಂಗಡಿಸಲಾಗಿತ್ತು. ಬೇಸಿಗೆಯ ಕಾವಲುಗಳು ಬಹುಮಟ್ಟಿಗೆ ಕೆರೆಯಂಗಳಗಳು. ಅಲ್ಲಿ ಹುಲ್ಲೂ ನೀರೂ ಒಟ್ಟಿಗೆ ಸಿಗುತ್ತಿದ್ದವು. ನೀರಿದ್ದೆಡೆಗೆ ದನಗಳೇ ಸಾಗುತ್ತಿದ್ದವು. ಅಡಿಕೆ ಮರಕ್ಕೆ ಆ ಅನುಕೂಲವಿಲ್ಲ. ಅದು ನಿಂತಲ್ಲಿಗೇ ನೀರು ಬರಬೇಕು.

ನೀರಿನ ಹಾದಿ

ಬೆಟ್ಟದ ಇಳಿಜಾರಿನಲ್ಲಿ ಹುಲ್ಲು ಇದ್ದರೆ ಮಳೆನೀರಿನ ವೇಗ ತಗ್ಗಿ, ಒಂದು ಪಾಲು ನೆಲಕ್ಕೆ ಇಂಗುತ್ತದೆ, ಉಳಿದದ್ದು ಹಳ್ಳಗಳ ಮೂಲಕ ಕೆರೆ ಸೇರುತ್ತದೆ. ಇಳಿಜಾರು ಬೋಳಾದರೆ ನೀರಿನೊಡನೆ ಮಣ್ಣೂ ಬಂದು ಕೆರೆಯಲ್ಲಿ ಹೂಳು ತುಂಬುತ್ತದೆ. ಇಲ್ಲಿನ ಗಟ್ಟಿ ಶಿಲೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಆದ್ದರಿಂದ ಕೆರೆ ಬತ್ತಿದರೆ ಅದರ ಆಸರೆಯ ಕೊಳವೆಬಾವಿಗಳೂ ಕ್ರಮೇಣ ಸೊರಗುತ್ತವೆ. ಕಬ್ಬಿಣದ ಅದಿರಿರುವ ಬೆಟ್ಟಗಳಲ್ಲಿ ಈ ಎಚ್ಚರ ಇಮ್ಮಡಿ ಅಗತ್ಯ. 2011ರಲ್ಲಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಿದ್ದ ಸರ್ವೋಚ್ಚ ನ್ಯಾಯಾಲಯವು, ಅದರ ಪುನರಾರಂಭಕ್ಕೆ ಪುನಶ್ಚೇತನ ಯೋಜನೆಯ ಷರತ್ತು ವಿಧಿಸಿತು.

ವರ್ತಕರಿಗೆ ಸಂಬಂಧಿಸಿದ್ದು

ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷಗಳು ಬೇಕು. ತೋಟ ಒಣಗಲು ಒಂದು ಕಡು ಬೇಸಿಗೆ ಸಾಕು. ತೋಟವನ್ನು ನಂಬಿ ಮುಂಗಡ ಕೊಡುವ ಮಂಡಿಯವರ ಬಂಡವಾಳವೂ ಅದರೊಡನೆ ಒಣಗುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯು ಕೆರೆ ತುಂಬಿಸುವ ಮತ್ತು ಹನಿ ನೀರಾವರಿಯ ಉದ್ದೇಶ ಹೊಂದಿದೆ. ಆದರೆ ಹೂಳು ತುಂಬಿದ ಕೆರೆಗೆ ಹೊರಗಿನ ನೀರು ಹರಿಸಿದರೂ ನಿಲ್ಲುವುದು ಸ್ವಲ್ಪವೇ. ಕಾವಲಿನ ಹುಲ್ಲು, ಹಳ್ಳದ ಪಾತ್ರ, ಕೆರೆಯ ಅಂಗಳ ಇವುಗಳ ರಕ್ಷಣೆಯನ್ನು ವ್ಯಾಪಾರದ ಖರ್ಚಿನ ಲೆಕ್ಕಕ್ಕೇ ಸೇರಿಸಿಕೊಳ್ಳುವುದು ವಿವೇಕ.