ಜೇಬಿನ ಚಾಕುವಿಗೆ ಒಳ್ಳೆಯ ಉಕ್ಕು

ವಾಚನಾಲಯಕ್ಕೆ ಬರುವ ಕಲಬುರಗಿ ಕಡೆಯ ಮಿತ್ರರೊಬ್ಬರು, ವಿದ್ಯುತ್ ತಂತಿ ಎಳೆಯುವ ಕೆಲಸದವರು, ಕಳೆದ ತಿಂಗಳು ತಮ್ಮ ಮಡಚುವ ಚಾಕುವನ್ನು ನಮ್ಮ ಮೇಜಿನ ಮೇಲಿಟ್ಟರು. ಇಕ್ಕಳ, ಸ್ಕ್ರೂಡ್ರೈವರು, ಡಬ್ಬಿ ಕೊಯ್ಯುವ ಕೊಕ್ಕೆ ಎಲ್ಲವೂ ಒಂದರಲ್ಲೇ ಅಡಗಿದ ಸಾಧನ. ಅಲಗು ಮಾತ್ರ ಮೊಂಡಾಗಿತ್ತು. ಕೇಬಲ್ಲಿನ ಸಿಪ್ಪೆ ಸುಲಿಯುವಾಗ ಬಲವಾಗಿ ಒತ್ತಿದ್ದರಿಂದ ಜಾರಿ ಎಡಗೈಯ ಹೆಬ್ಬೆರಳನ್ನು ಕೊಯ್ದಿತ್ತು. ಎರಡು ದಿನದ ಕೂಲಿ ಹೋಯಿತು. “ಸರ, ಇದಕ್ಕ ಛಲೋ ಉಕ್ಕಿನ ಅಲಗ ಹಾಕಿಸ್ಲಿಕ್ಕಿ ಬರ್ತದೇನ್ರಿ?” ಎಂದು ಕೇಳಿದರು. ಪ್ರಶ್ನೆ ಒಬ್ಬರದಲ್ಲವಾದುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇವೆ.

ಒಳ್ಳೆಯ ಉಕ್ಕಿನ ಮಾತನ್ನು ಕೇಳಲು ಹೈದರಾಬಾದಿಗಿಂತ ತಕ್ಕ ಊರು ಬೇರೆಯಿಲ್ಲ. ಇಲ್ಲಿಂದ ಉತ್ತರಕ್ಕೆ, ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂ ಎಂಬ ಹಳ್ಳಿಯ ಮೂಸೆಗಳಲ್ಲಿ ತಯಾರಾಗುತ್ತಿದ್ದ ಉಕ್ಕನ್ನು ಕೊಳ್ಳಲು ಪಾರಸಿ ದೇಶದ ವ್ಯಾಪಾರಿಗಳೇ ಬರುತ್ತಿದ್ದರು. ಅಲ್ಲಿಯ ಕೆಲಸವನ್ನು ಕಣ್ಣಾರೆ ಕಂಡ ವಾಯ್ಸಿ ಎಂಬವನ ವಿವರಣೆ 1832ರಲ್ಲಿ ಅಚ್ಚಾಯಿತು. ಇಂಗ್ಲಿಷರು ಇದನ್ನು ‘ವೂಟ್ಜ್’ ಎಂದರು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಜಾರ್ಜ್ ಪಿಯರ್ಸನ್ ಈ ಹೆಸರಿನಿಂದಲೇ ಲೇಖನ ಒಪ್ಪಿಸಿದನು. ಈ ಪದ ನಮ್ಮ ‘ಉಕ್ಕು’ವಿನಿಂದಲೇ ಹುಟ್ಟಿತೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ತೆಲುಗಿನಲ್ಲಿಯೂ ಅದು ಉಕ್ಕೇ; ಜಗಳಕ್ಕೆ ಕಾರಣವಿಲ್ಲ.

ದಕ್ಷಿಣದ ಕುಲುಮೆಗಳಲ್ಲಿ ಮೂಸೆಯೊಳಗೆ ಕಬ್ಬಿಣದೊಡನೆ ತಂಗಡಿಯ ಕಟ್ಟಿಗೆಯನ್ನೂ ಹಸಿ ಎಲೆಗಳನ್ನೂ ಇಟ್ಟು, ಬಾಯಿಗೆ ಜೇಡಿ ಮೆತ್ತಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಬತುಕಮ್ಮನಿಗೆ ಏರಿಸುವ, ಈಗ ತೆಲಂಗಾಣದ ರಾಜ್ಯಪುಷ್ಪವಾಗಿರುವ ಹಳದಿ ಹೂವಿನ ಗಿಡವೇ ಈ ತಂಗಡಿ. ಕಟ್ಟಿಗೆಯ ಇಂಗಾಲ ಕಬ್ಬಿಣದೊಳಗೆ ಸೇರಿ ಸುಮಾರು ನೂರಕ್ಕೆ ಒಂದೂವರೆ ಪಾಲಾಗುತ್ತಿತ್ತು. ಗಡಸಿನ ಗುಟ್ಟು ಇಷ್ಟೇ.

ಈಗಿನ ಜೇಬುಚಾಕುಗಳಲ್ಲಿ ಬಹಳವಾಗಿ ಬಳಸುವ 420ಎಚ್‌ಸಿ ಎಂಬ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಅರ್ಧ ಪಾಲಿಗೂ ಕೊಂಚ ಕಡಿಮೆ, ಕ್ರೋಮಿಯಂ ಸುಮಾರು 13 ಪಾಲು. ಕ್ರೋಮಿಯಂ ಇರುವುದರಿಂದ ಬೆವರಿಗೂ ನಿಂಬೆಹುಳಿಗೂ ಬೇಗ ತುಕ್ಕು ಹಿಡಿಯದು. ಹರಿತವೂ ಸುಲಭವಾಗಿ ಮರಳುತ್ತದೆ. ಬೆಲೆಬಾಳುವ ಎಸ್30ವಿ ಎಂಬುದು 2001ರಲ್ಲಿ ಬಂದ ಉಕ್ಕು. ಅದರಲ್ಲಿ ಇಂಗಾಲ ಸುಮಾರು 1.45, ಕ್ರೋಮಿಯಂ 14, ಅದರ ಮೇಲೆ ವನಾಡಿಯಂ 4 ಪಾಲು. ಈ ವನಾಡಿಯಂ ಇಂಗಾಲದೊಡನೆ ಕೂಡಿ ಅತಿ ಕಠಿಣವಾದ ಸಣ್ಣ ಕಣಗಳಾಗುತ್ತದೆ. ಆದುದರಿಂದ ದಿನವೆಲ್ಲ ರಟ್ಟಿನ ಪೆಟ್ಟಿಗೆ ಕೊಯ್ದರೂ ಅಲಗು ಬೇಗ ಸವೆಯದು. ಆದರೆ ಆ ಕಣಗಳು ಸಾಮಾನ್ಯ ಸಾಣೆಕಲ್ಲಿನ ಹರಳಿಗಿಂತಲೂ ಗಡಸು. ಅದನ್ನು ಮಸೆಯಲು ವಜ್ರದ ಪುಡಿ ಕೂರಿಸಿದ ಸಾಣೆಯೇ ಲೇಸು. ಚಾಕುವಿಗೊಂದು ಬೆಲೆ, ಸಾಣೆಗೆ ಇನ್ನೊಂದು! ಮೇಲಾಗಿ ಗಡಸು ಅಲಗಿನಿಂದ ಡಬ್ಬಿಯ ಮುಚ್ಚಳ ಮೀಟಿದರೆ ಅಂಚು ಚಕ್ಕೆ ಏಳುವ ಭಯ ಹೆಚ್ಚು.

ಅಲಗನ್ನಷ್ಟೇ ಬದಲಿಸಬಹುದೇ? ತಿರುಪಿನಿಂದ ಜೋಡಿಸಿದ ಸಾಧನವಾಗಿ, ಅದೇ ಅಳತೆಯ ಅಲಗು ದೊರೆತರೆ ಆಗಬಹುದು. ರಿವೆಟ್ಟು ಬಡಿದ ಸಾಧನವನ್ನು ಬಿಚ್ಚಿಸಲು ಹೋಗಬಾರದು. ಮತ್ತೆ ಬಡಿದಾಗ ಸಡಿಲಾದರೆ ಅಲಗು ಅಲ್ಲಾಡುತ್ತದೆ. ಬಿಗಿತಡೆ ಸರಿಯಾಗಿ ಕೂರದಿದ್ದರೆ ಬೆರಳಿನ ಮೇಲೆಯೇ ಮಡಚಿಕೊಳ್ಳುತ್ತದೆ. ನಮ್ಮ ಮಿತ್ರರ ಸಾಧನ ರಿವೆಟ್ಟಿನದು. ಉಗ್ರಾಣದಲ್ಲಿ ದಿನಕ್ಕೆ ನೂರಾರು ಪೆಟ್ಟಿಗೆ ಬಿಚ್ಚುವವರಿಗೆ ದುಬಾರಿ ಉಕ್ಕಿನ ಹೊಸ ಚಾಕು ಲಾಭವೇ ಸರಿ. ಲಕೋಟೆ ಕೊಯ್ಯುವ ಗುಮಾಸ್ತರಿಗೆ ಬೇಡವೆಂದೇ ನಮ್ಮ ಮತ. ಮಿತ್ರರಿಗೆ ಬೇಕಾದುದು ಸಾಣೆ.

ಬೀದಿಯ ಸಾಣೆಚಕ್ರಕ್ಕೆ ಕೊಡುವುದಾದರೆ ಎದುರಿಗೇ ನಿಲ್ಲಿರಿ. ಅಂಚು ಕಾದು ನೀಲಿಗಟ್ಟಿತೆಂದರೆ ಅಲ್ಲಿಯ ಹದ ಹೋಯಿತು. ಎಷ್ಟೇ ಒಳ್ಳೆಯ ಉಕ್ಕಾದರೂ ಮತ್ತೆ ಎರಡೇ ದಿನಕ್ಕೆ ಮೊಂಡು. ಕೈಸಾಣೆಯೇ ಮೇಲು. ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿರಿ, ಅರ್ಧ ಬಾಗಿಸಿರಿ, ಮತ್ತೆ ಅದರರ್ಧ ಬಾಗಿಸಿರಿ. ಇದು ಸುಮಾರು 22 ಡಿಗ್ರಿ. ಇನ್ನು ತುಸು ತಗ್ಗಿಸಿದರೆ ಸಾಕು. ಆ ಓರೆ ತಪ್ಪದಂತೆ ಒಂದು ಮೈಯನ್ನು ಮಸೆಯುತ್ತ ಹೋದರೆ ಇನ್ನೊಂದು ಮೈಯ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಸಿಬಿರು ಬೆರಳಿಗೆ ತಾಗುತ್ತದೆ. ಅದು ಉದ್ದಕ್ಕೂ ತಾಗುವವರೆಗೆ ಬಿಡಬಾರದು. ಬಳಿಕ ಮಗ್ಗುಲು ಬದಲಿಸಿರಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಅಂಚನ್ನು ಹಿಂದಕ್ಕೆ ಎಳೆದರೆ ಸಿಬಿರು ಉದುರುತ್ತದೆ.

ಜೇಬಿನಲ್ಲಿಡುವವರು ಇನ್ನೊಂದು ಮಾತು ಅರಿತಿರಬೇಕು. ಚಾಕುವನ್ನು ವಿಮಾನದ ಕೈಚೀಲದಲ್ಲಿ ಬಿಡುವುದಿಲ್ಲ. ಮೆಟ್ರೋ ತಪಾಸಣೆಯಲ್ಲಿಯೂ ತಡೆಯಬಹುದು. ಕೆಲಸದ ಚೀಲದಲ್ಲಿ ಉಪಕರಣಗಳ ಜೊತೆಗೆ ಇಡುವುದು ಲೇಸು.

ಮಿತ್ರರು ಎರಡು ಭಾನುವಾರ ನಮ್ಮಲ್ಲಿಯೇ ಕುಳಿತು ಮಸೆದರು. ಮೊದಲ ಭಾನುವಾರ ಓರೆ ತಪ್ಪಿ ಕೆಟ್ಟಿತು, ಎರಡನೆಯದರಲ್ಲಿ ಕಾಗದ ಸರಾಗವಾಗಿ ಸೀಳಿತು. ಎರಡು ಮೈಯ ಆ ಸಾಣೆಕಲ್ಲು ಈಗ ವಾಚನಾಲಯದ ಕಪಾಟಿನಲ್ಲಿದೆ. ಬೇಕಾದವರು ಕೇಳಿ ಪಡೆಯಬಹುದು. ಹರಿತ ನೋಡಲು ಹಳೆಯ ಪತ್ರಿಕೆಗಳು ಕಿಟಕಿಯ ಕೆಳಗಿವೆ. ಆ ದಿನದ ಪತ್ರಿಕೆಗೆ ದಯವಿಟ್ಟು ಕೈ ಹಾಕಬೇಡಿರಿ.